ಆರು ತಿಂಗಳು ನೀರು ನಿಂತ ಗದ್ದೆಗೆ ವೈರಸ್ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಕೊಡಗಿನ ಶನಿವಾರಸಂತೆ ಹತ್ತಿರದ ಹಳ್ಳಿ. ಭತ್ತ ಕೊಯ್ದ ಮುಕ್ಕಾಲು ಎಕರೆ ಗದ್ದೆಗೆ ಜನವರಿಯಲ್ಲಿ ಹಸಿಮೆಣಸಿನಕಾಯಿ ನಾಟಿ ಮಾಡುತ್ತೇವೆ. ಒಂದು ಬದಿಗೆ ನಾಲ್ಕಾರು ಸಾಲು ಟೊಮೆಟೊ, ಬೀನ್ಸ್. ಸಸಿ ಮಡಿ ಮನೆ ಹಿಂದೆ, ಬಾವಿ ಪಕ್ಕ. ಎರಡು ಬೇಸಿಗೆಯಿಂದ ನಾಟಿಯಾಗಿ ತಿಂಗಳು ತುಂಬುವಷ್ಟರಲ್ಲಿ ಮೆಣಸಿನ ಗಿಡ ಮುದುಡಿಕೊಳ್ಳುತ್ತಿದೆ. ಒಂದು ಮೂಲೆಯಿಂದ ಶುರುವಾಗುವುದಲ್ಲ, ಇಡೀ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಒಟ್ಟಿಗೇ ಕಾಣುತ್ತದೆ. ಅಂಗಡಿಯವರು ಕೊಟ್ಟ ಔಷಧಿ ಈ ವರ್ಷ ಏಳು ಸಲ ಹೊಡೆದೆ. ಈಗ ಎಲ್ಲರೂ ವೈರಸ್ ಎನ್ನುತ್ತಾರೆ. ಜೂನ್‌ನಿಂದ ಡಿಸೆಂಬರ್ ತನಕ ಗದ್ದೆಯಲ್ಲಿ ಭತ್ತ ಬಿಟ್ಟರೆ ಏನೂ ಇರುವುದಿಲ್ಲ. ಹಾಗಿದ್ದ ಮೇಲೆ ವೈರಸ್ ಎಲ್ಲಿಂದ ಬರುತ್ತದೆ? ಪಕ್ಕದ ಗದ್ದೆಯವರು ಅರಕಲಗೂಡು ತಾಲೂಕಿನ ರಾಮನಾಥಪುರದ ಕಡೆಯ ಹೊಗೆಸೊಪ್ಪಿನಿಂದ ಎನ್ನುತ್ತಾರೆ. ನಮ್ಮ ಮನೆಯವರು ಬೀಡಿ ಸೇದಿಕೊಂಡು ಕಾಯಿ ಬಿಡಿಸುವ ಆಳಿನ ಮೇಲೆ ಹೇಳುತ್ತಾರೆ. ಇಂಥ ಗಿಡದ ಕಾಯಿ ತಿನ್ನಬಹುದೇ, ಬೀಜ ಇಡಬಹುದೇ ಎಂಬುದನ್ನೂ ತಿಳಿಸಿ. ನಾಲ್ಕು ಫೋಟೊ ಕಳಿಸಿದ್ದೇನೆ.

ಉತ್ತರ: "ಏನು ಹೊಡೆಯಲಿ ಸಾರ್" ಎಂದು ಕೇಳುವವರೇ ನನಗೆ ಹೆಚ್ಚು ಸಿಗುವುದು. ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ, ಒಳ್ಳೆಯದಾಯಿತು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ಫೋಟೊಗಳು. ನಾಲ್ಕರಲ್ಲಿ ಎರಡು ಗಿಡಕ್ಕೆ ವೈರಸ್ಸೇ ಇಲ್ಲ. ಅವುಗಳ ಎಲೆಯ ಅಂಚು ಕೆಳಮುಖವಾಗಿ ಮಡಚಿದೆ, ದೋಣಿ ಬೋರಲು ಹಾಕಿದ ಹಾಗೆ. ಎಲೆ ಸಪೂರವಾಗಿ, ತೊಟ್ಟು ಇಲಿಬಾಲದಂತೆ ಉದ್ದ ಎಳೆದುಕೊಂಡಿದೆ. ಇದು ಹಳದಿ ಮೈಟ್ ನುಸಿಯ ಕೆಲಸ. ಬರಿಗಣ್ಣಿಗೆ ಬೀಳದಷ್ಟು ಸಣ್ಣದು, ಜೇಡನ ಜಾತಿಯದು, ಎಳೆ ಕುಡಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಮೂರನೆಯ ಫೋಟೊದ್ದು ಬೇರೆ ಕಥೆ. ಎಲೆ ಮೇಲ್ಮುಖವಾಗಿ ಸುರುಳಿ ಸುತ್ತಿದೆ, ಹೆಬ್ಬೆರಳಿನ ಉಗುರಿನಷ್ಟಕ್ಕೆ ನಿಂತುಬಿಟ್ಟಿದೆ, ಅಡಿಯ ನರಗಳು ದಪ್ಪವಾಗಿವೆ, ಗಿಣ್ಣು ಗಿಣ್ಣು ಹತ್ತಿರ ಬಂದು ಗಿಡ ಗಿಡ್ಡ ಪೊರಕೆಯ ಹಾಗಾಗಿದೆ. ಇದು ನಿಜವಾದ ಎಲೆ ಮುದುಡು ವೈರಸ್, ಬಿಳಿ ನೊಣ ಹರಡುವಂಥದ್ದು. ನಾಲ್ಕನೆಯದು ಟೊಮೆಟೊ. ಎಳೆ ಎಲೆಯ ಮೇಲೆ ಕಂಚಿನ ಬಣ್ಣದ ಚುಕ್ಕೆ, ಕುಡಿ ಸುಟ್ಟ ಹಾಗೆ ಕಪ್ಪು. ಇದನ್ನು ತರುವುದು ಥ್ರಿಪ್ಸ್ ನುಸಿ. ಕಡಲೆಕಾಯಿಯ ಮೊಗ್ಗು ಸಾಯಿಸುವ ವೈರಸ್ ಎಂದು ಮೊದಲು ಹೆಸರಾಗಿದ್ದು ಇದೇ.

ಅಂದರೆ ನಿಮ್ಮ ಮುಕ್ಕಾಲು ಎಕರೆಯಲ್ಲಿ ಮೆಣಸು, ಟೊಮೆಟೊ ಎರಡರಲ್ಲೇ ಎರಡು ವೈರಸ್, ಒಂದು ಮೈಟ್. ಮೂರಕ್ಕೂ ಸೇರಿಸಿ ಒಂದೇ ಡಬ್ಬಿ ಔಷಧಿ. ಏಳು ಸಲವಲ್ಲ, ಹದಿನಾಲ್ಕು ಸಲ ಹೊಡೆದಿದ್ದರೂ ಇದೇ ಆಗುತ್ತಿತ್ತು.

ಗುರುತು ಹಿಡಿಯುವುದರಲ್ಲಿ ಅನುಮಾನವಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮುದುಡಿದ ಹತ್ತು ಗಿಡಕ್ಕೆ ಹಳೇ ಸೀರೆಯ ಅಂಚು ಹರಿದು ಕಟ್ಟಿ. ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಕಲಸಿ ಎಲೆಯ ಅಡಿಗೆ ತಾಗುವಂತೆ ಹೊಡೆಯಿರಿ, ಆದರೆ ಉರಿಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ. ಹತ್ತು ಹನ್ನೆರಡು ದಿನ ಬಿಟ್ಟು ನೋಡಿ. ಹಳೆಯ ಎಲೆ ಹೇಗಿದೆ ಎಂದು ನೋಡಬೇಡಿ, ಅದು ಸರಿಯಾಗುವುದಿಲ್ಲ. ಹೊಸ ಕುಡಿ ನೋಡಿ. ಹೊಸ ಎಲೆ ಅಗಲವಾಗಿ ಬಿಚ್ಚಿಕೊಂಡರೆ ಅದು ಮೈಟ್, ಗಿಡ ಉಳಿಯಿತು. ಹೊಸದೂ ಮುದುಡಿಯೇ ಬಂದರೆ ವೈರಸ್, ಆ ಗಿಡದ ಆಸೆ ಬಿಡಿ.

ಆಸೆ ಬಿಡಿ ಎಂದು ಸುಮ್ಮನೆ ಹೇಳುತ್ತಿಲ್ಲ. ಬೂಷ್ಟು ಎಲೆಯ ಮೇಲೆ ಬೆಳೆಯುತ್ತದೆ, ಅದನ್ನು ಕೊಲ್ಲುವ ಔಷಧಿ ಇದೆ. ವೈರಸ್ ಹಾಗಲ್ಲ, ಗಿಡದ ಜೀವಕೋಶದ ಒಳಗೇ ಸೇರಿ ಗಿಡದ ಕೈಯಲ್ಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದನ್ನು ಮಾತ್ರ ಕೊಂದು ಗಿಡವನ್ನು ಉಳಿಸುವ ಔಷಧಿ ಗದ್ದೆಗೆ ಹೊಡೆಯುವಂಥದ್ದು ಇವತ್ತಿನ ತನಕ ಬಂದಿಲ್ಲ. "ವೈರಸ್‌ಗೆ ಸ್ಪೆಷಲ್" ಎಂದು ಬಣ್ಣದ ಚೀಟಿ ಅಂಟಿಸಿದ ಬಾಟಲಿ ಯಾರಾದರೂ ಕೊಟ್ಟರೆ ಒಳಗೇನಿದೆ ಎಂದು ಕೇಳಿ. ಬಹುಪಾಲು ಯಾವುದೋ ಪೋಷಕಾಂಶವೋ, ಕಡಲಕಳೆಯ ಸಾರವೋ ಇರುತ್ತದೆ. ಗಿಡ ನಾಲ್ಕು ದಿನ ಹಸಿರಾಗಿ ಕಂಡೀತು, ವೈರಸ್ ಹೋಗುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಅದಕ್ಕೆ ಸುಳಿವು ನಿಮ್ಮ ಪತ್ರದಲ್ಲೇ ಎರಡು ಕಡೆ ಇದೆ.

ಒಂದು, "ತಿಂಗಳು ತುಂಬುವಷ್ಟರಲ್ಲಿ". ವೈರಸ್ ಒಳಹೊಕ್ಕ ದಿನವೇ ಗಿಡ ಮುದುಡುವುದಿಲ್ಲ. ಎಲೆ ಮುದುಡು ರೋಗ ಕಣ್ಣಿಗೆ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ. ತಿಂಗಳಿಗೆ ಕಂಡಿದೆ ಎಂದರೆ ಸೋಂಕು ತಗಲಿದ್ದು ನಾಟಿಯಾದ ಮೊದಲ ವಾರ ಹತ್ತು ದಿನದಲ್ಲಿ, ಇಲ್ಲವೇ ಅದಕ್ಕೂ ಮುಂಚೆ. ಎರಡು, "ಅಲ್ಲೊಂದು ಇಲ್ಲೊಂದು ಒಟ್ಟಿಗೇ". ಹೊರಗಿನಿಂದ ಹಾರಿಬರುವ ಬಿಳಿ ನೊಣ ಸಾಮಾನ್ಯವಾಗಿ ಮೊದಲು ಅಂಚಿನ ಸಾಲಿಗೆ ಇಳಿಯುತ್ತದೆ. ಬದುವಿನ ಪಕ್ಕದ ನಾಲ್ಕು ಸಾಲು ಹಿಡಿದು ಆಮೇಲೆ ಒಳಕ್ಕೆ ಹೋಗುತ್ತದೆ. ಇಡೀ ಗದ್ದೆಗೆ ಎಳ್ಳು ಬೀರಿದ ಹಾಗೆ ಒಂದೇ ಸಲ ಕಾಣಿಸಿಕೊಂಡರೆ ರೋಗ ಗದ್ದೆಗೆ ಹಾರಿಬಂದದ್ದಲ್ಲ, ಸಸಿಯ ಕಟ್ಟಿನ ಜೊತೆ ನಡೆದು ಬಂದದ್ದು. ಮಡಿಯಿಂದ ಕಿತ್ತು ಕಂತೆ ಕಟ್ಟಿ ಗದ್ದೆಯ ತುಂಬ ನೆಟ್ಟವರು ನೀವೇ.

ಬೇಜಾರು ಮಾಡಿಕೊಳ್ಳಬೇಡಿ. ಆ ತಪ್ಪು ನಾನೂ ಮಾಡಿದ್ದೇನೆ. ಹಲವು ವರ್ಷದ ಹಿಂದೆ ಮೂವರು ರೈತರಿಗೆ ಬಯಲುಸೀಮೆಯ ಒಂದು ನರ್ಸರಿಯಿಂದ ಟ್ರೇ ಸಸಿ ತರಿಸಿಕೊಟ್ಟೆ. ಎಷ್ಟು ಚಂದದ ಸಸಿ ಅಂದರೆ ಒಂದೊಂದೂ ಒಂದೇ ಎತ್ತರ, ಕಡು ಹಸಿರು. ಹೊತ್ತು ಮುಳುಗಿದ ಮೇಲೆ ವ್ಯಾನ್ ಬಂತು, ಟಾರ್ಚ್ ಬೆಳಕಿನಲ್ಲಿ ಇಳಿಸಿಕೊಂಡೆವು. ಎಲೆ ತಿರುವಿ ನೋಡುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ. ತಿಂಗಳ ಮೇಲೆ ಮೂರೂ ಗದ್ದೆ ಒಂದೇ ಥರ ಮುದುಡಿದಾಗ ಮೂಲೆಯಲ್ಲಿ ಬಿದ್ದಿದ್ದ ಟ್ರೇಯ ಉಳಿಕೆ ಸಸಿ ಎತ್ತಿ ನೋಡಿದೆ. ಅಡಿಯಲ್ಲಿ ಬಿಳಿ ನೊಣದ ಮರಿಗಳ ಖಾಲಿ ಚಿಪ್ಪು, ರವೆ ಉದುರಿಸಿದ ಹಾಗೆ. ಆವತ್ತಿನಿಂದ ನಾನು ಸಸಿಯ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತೇನೆ.

ಇರಲಿ, ನಿಮ್ಮ ಸಸಿ ನಿಮ್ಮ ಮನೆಯದೇ. ಹಾಗಾದರೆ ಮಡಿಗೆ ಎಲ್ಲಿಂದ ಬಂತು?

ನಮ್ಮ ಮಳೆಗಾಲದ ಲೆಕ್ಕ ಸ್ವಲ್ಪ ನೋಡೋಣ. ಈ ವೈರಸ್ ಮಣ್ಣಿನಲ್ಲಿ ಉಳಿಯುವುದಿಲ್ಲ, ಒಣಗಿದ ಗಿಡದಲ್ಲೂ ಉಳಿಯುವುದಿಲ್ಲ. ಅದಕ್ಕೆ ಇರಲು ಎರಡೇ ಜಾಗ: ಬದುಕಿರುವ ಗಿಡದ ಒಳಗೆ, ಇಲ್ಲವೇ ಬಿಳಿ ನೊಣದ ಒಳಗೆ. ಭತ್ತಕ್ಕೆ ಅದು ತಗಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನ ಮಳೆಗೆ ಬಿಳಿ ನೊಣ, ಗಿಡದ ಹೇನು, ಥ್ರಿಪ್ಸ್ ಎಲ್ಲವೂ ಎಲೆಯಿಂದ ತೊಳೆದುಹೋಗುತ್ತವೆ. ಜುಲೈ ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಹೊರಗೆ ಕಾಲಿಡಲು ಮನುಷ್ಯನಿಗೇ ಆಗುವುದಿಲ್ಲ, ಒಂದು ಮಿಲಿಮೀಟರ್ ಉದ್ದದ ಹುಳಕ್ಕೆ ಆಗುತ್ತದೆಯೇ? ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಬೆಳೆಗಾರರಿಗೆ ಇಂಥ ಮಳೆ ಇಲ್ಲ. ನಮಗೆ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಸಿಗುತ್ತದೆ. ನಿಮ್ಮ ಗದ್ದೆಯ ಮಟ್ಟಿಗೆ ನವೆಂಬರ್ ಹೊತ್ತಿಗೆ ವೈರಸ್ಸಿನ ಲೆಕ್ಕ ಸೊನ್ನೆಗೆ ಬಂದಿರಬೇಕು.

ಬರುತ್ತಿಲ್ಲ, ಏಕೆಂದರೆ ಮಳೆಗಾಲ ದಾಟಿಸುವ ಗಿಡಗಳು ನಮ್ಮ ಮನೆಯ ಸುತ್ತಲೇ ಇವೆ. ನಿಮ್ಮ ಬಾವಿಯ ಬಳಿ ಸೂಜಿಮೆಣಸಿನ ಗಿಡ ಇದೆಯೇ? ಕೊಡವರ ಮನೆಯಲ್ಲಿ ಪರಂಗಿ ಮಾಲು ಎನ್ನುತ್ತಾರಲ್ಲ, ಅದೇ. ಪಂದಿಕರಿ ಮಾಡುವ ಮನೆಯಾಗಲಿ, ಬರಿಯ ಚಟ್ನಿಯ ಮನೆಯಾಗಲಿ, ಹಿತ್ತಿಲಲ್ಲಿ ಅದು ಒಂದಾದರೂ ಇರುತ್ತದೆ. ಎರಡು ಮೂರು ವರ್ಷ ಬದುಕುವ ಗಿಡ. ಸೂರಿನ ಅಡಿಯಲ್ಲಿದ್ದರೆ ಮಳೆಯೂ ನೇರ ಬೀಳುವುದಿಲ್ಲ. ತುದಿ ಸ್ವಲ್ಪ ಮುದುಡಿದ್ದರೂ ನಾಲ್ಕು ಕಾಯಿ ಬಿಡುತ್ತದೆ ಎಂದು ಯಾರೂ ಕೀಳುವುದಿಲ್ಲ. ಅದರ ಜೊತೆಗೆ ಪಾತ್ರೆ ತೊಳೆದ ನೀರು ಹೋಗುವಲ್ಲಿ ತಾನಾಗಿ ಎದ್ದ ಟೊಮೆಟೊ, ಬೇಲಿ ಬದಿಯ ಗಣಿಕೆ ಸೊಪ್ಪು. ಆಮೇಲೆ ಕಳೆ. ಮಳೆ ನಿಂತ ಕೂಡಲೇ ಬದುವಿನ ಮೇಲೆ ನೀಲಿ ಗುಂಡಿಯಂಥ ಪುಟ್ಟ ಹೂ ಬಿಡುವ, ಮುಟ್ಟಿದರೆ ನಾರುವ ಅಜೆರೇಟಂ ಗಿಡ ನೋಡಿ. ಅದರ ಎಲೆಯ ನರಗಳು ಎಷ್ಟೋ ಕಡೆ ಬಂಗಾರದ ದಾರ ಹೆಣೆದ ಹಾಗೆ ಹಳದಿಯಾಗಿರುತ್ತವೆ. ನೋಡಲು ಅಲಂಕಾರದ ಗಿಡದಂತೆ ಕಾಣುತ್ತದೆ. ಅದು ಅಲಂಕಾರವಲ್ಲ, ಮುದುಡು ರೋಗದ ಬಳಗದ್ದೇ ಒಂದು ವೈರಸ್. ಅಲ್ಲಿರುವ ವೈರಸ್ಸೆಲ್ಲ ಮೆಣಸಿನಕಾಯಿಗೆ ದಾಟುತ್ತದೆ ಎಂದಲ್ಲ. ಬಿಳಿ ನೊಣ ಮಾತ್ರ ಅಲ್ಲಿ ಸುಖವಾಗಿ ಮರಿ ಮಾಡುತ್ತದೆ.

ನೀವು ನವೆಂಬರ್ ಕೊನೆಗೋ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸಿಗೋ ಬೀಜ ಹಾಕಿ ಎಳೆ ಸಸಿಯನ್ನು ಇವುಗಳ ನಡುವೆಯೇ, ಬಾವಿ ಪಕ್ಕ, ಆರು ವಾರ ತೆರೆದು ಇಡುತ್ತೀರಿ. ನೀರಿಗೆ ಅನುಕೂಲ, ಕೋಳಿ ಬಾರದ ಹಾಗೆ ಕಣ್ಣಿಗೆ ಹತ್ತಿರ, ಎಲ್ಲ ಸರಿ. ಬಿಳಿ ನೊಣಕ್ಕೂ ಅಷ್ಟೇ ಹತ್ತಿರ.

ಅದು ರೋಗ ಹಚ್ಚುವ ಕ್ರಮ ತಿಳಿದರೆ ಔಷಧಿಯ ಲೆಕ್ಕ ಅರ್ಥವಾಗುತ್ತದೆ. ಹೆಸರಿಗೆ ನೊಣ, ಅಸಲಿಗೆ ಅದು ಹೇನು, ಜಿಗಿಹುಳುವಿನ ಬಳಗ. ರೋಗದ ಗಿಡದಲ್ಲಿ ಅರ್ಧ ಗಂಟೆ ರಸ ಹೀರಿದರೂ ವೈರಸ್ ಅದರ ಹೊಟ್ಟೆ ಸೇರಬಹುದು. ಕೂಡಲೇ ಇನ್ನೊಂದು ಗಿಡಕ್ಕೆ ಹಚ್ಚಲಾರದು. ಕರುಳಿನಿಂದ ದೇಹದ್ರವಕ್ಕೆ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ವೈರಸ್ ಬರಬೇಕು, ಅದಕ್ಕೆ ಹೆಚ್ಚುಕಮ್ಮಿ ಒಂದು ಹಗಲೋ ರಾತ್ರಿಯೋ ಹಿಡಿಯುತ್ತದೆ. ಒಮ್ಮೆ ಅಲ್ಲಿಗೆ ಬಂದರೆ ವಾರಗಟ್ಟಲೆ ಅದು ಕೂತ ಕೂತ ಗಿಡಕ್ಕೆಲ್ಲ ಹಚ್ಚಬಲ್ಲದು. ಬೇಸಿಗೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು ಮೂರು ವಾರ, ಒಂದು ಹೆಣ್ಣಿಗೆ ನೂರರ ಮೇಲೆ ಮೊಟ್ಟೆ. ಫೆಬ್ರವರಿಯಲ್ಲಿ ಹತ್ತು ಇದ್ದದ್ದು ಏಪ್ರಿಲ್‌ನಲ್ಲಿ ಗಿಡ ಅಲುಗಿಸಿದರೆ ಹೊಗೆಯ ಹಾಗೆ ಏಳುವುದು ಹೀಗೆ.

ಬಿಳಿ ನೊಣದ ವೈರಸ್ಸಿಗೆ ಇಷ್ಟಾದರೂ ಸಮಯ ಬೇಕು, ಹಾಗಾಗಿ ಮಡಿಯಲ್ಲಿ ನೊಣವನ್ನು ತಡೆದರೆ, ಕೊಂದರೆ ಪ್ರಯೋಜನವಿದೆ. ಎಲೆಯಲ್ಲಿ ತಿಳಿಹಸಿರು, ಕಡುಹಸಿರು ತೇಪೆ ಮೂಡಿಸುವ, ಹೇನು ಹರಡುವ ಮೊಸಾಯಿಕ್ ವೈರಸ್‌ಗಳ ವಿಷಯ ಹಾಗಲ್ಲ. ನಿಮ್ಮ ಬೀನ್ಸ್‌ಗೆ, ಸೌತೆ ಕುಂಬಳಕ್ಕೆ, ಮೆಣಸಿನಕಾಯಿಗೂ ಬರುವಂಥವು ಅವು. ರೆಕ್ಕೆಯ ಹೇನು ಗಿಡದ ಮೇಲೆ ಇಳಿದು ಇದು ತನ್ನ ಊಟವೋ ಅಲ್ಲವೋ ಎಂದು ಒಂದು ಸಲ ಸೂಜಿ ಚುಚ್ಚಿ ರುಚಿ ನೋಡುತ್ತದೆ. ಆ ಅರ್ಧ ನಿಮಿಷದಲ್ಲಿ ಬಾಯಿಯ ತುದಿಗೆ ವೈರಸ್ ಮೆತ್ತಿಕೊಂಡಿತು. ರುಚಿಸಲಿಲ್ಲ, ಪಕ್ಕದ ಗಿಡಕ್ಕೆ ಹಾರಿ ಇನ್ನೊಂದು ಸಲ ಚುಚ್ಚಿತು, ವೈರಸ್ ಅಲ್ಲಿಗೆ ಹೋಯಿತು. ಔಷಧಿ ಹೊಡೆದ ಗಿಡದಲ್ಲಿ ಹೇನು ಸಾಯುತ್ತದೆ, ನಿಜ. ಆದರೆ ಚುಚ್ಚಿ, ಹಚ್ಚಿ, ಆಮೇಲೆ ಸಾಯುತ್ತದೆ. ಕೆಲವು ಔಷಧಿ ಅದನ್ನು ಕೆರಳಿಸಿ ಗಿಡದಿಂದ ಗಿಡಕ್ಕೆ ಇನ್ನಷ್ಟು ಓಡಾಡಿಸುವುದೂ ಉಂಟು. ಮೊಸಾಯಿಕ್‌ಗೆ ಹೆದರಿ ವಾರಕ್ಕೊಮ್ಮೆ ಔಷಧಿ ಹೊಡೆಯುವವರು ದುಡ್ಡನ್ನೇ ನೀರಿಗೆ ಕಲಸಿ ಹೊಡೆಯುತ್ತಿದ್ದಾರೆ.

ಥ್ರಿಪ್ಸ್ ಮೂರನೆಯ ಥರ. ಮರಿಯಾಗಿದ್ದಾಗ ರೋಗದ ಗಿಡ ತಿಂದಿದ್ದರೆ ಮಾತ್ರ ದೊಡ್ಡದಾದ ಮೇಲೆ ರೋಗ ಹಚ್ಚುತ್ತದೆ. ಟೊಮೆಟೊದಲ್ಲಿ ನೀವು ಮಾಡಬೇಕಾದ್ದು ಒಂದೇ: ಕುಡಿ ಕಪ್ಪಾದ ಗಿಡವನ್ನು ಆವತ್ತೇ ಕೀಳುವುದು.

ಇನ್ನು ಹೊಗೆಸೊಪ್ಪು. ಅರಕಲಗೂಡು, ಪಿರಿಯಾಪಟ್ಟಣ, ಹುಣಸೂರು ಕಡೆ ವರ್ಜೀನಿಯಾ ಹೊಗೆಸೊಪ್ಪು ನಾಟಿಯಾಗುವುದು ಮುಂಗಾರಿನ ಮುಂದೆ, ಸೊಪ್ಪು ಮುರಿದು ಮುಗಿಯುವುದು ಹೆಚ್ಚಾಗಿ ಮಳೆಗಾಲದ ಕೊನೆಗೆ. ಅದಕ್ಕೂ ಬಿಳಿ ನೊಣ ಹರಡುವ ಮುದುಡು ರೋಗವಿದೆ, ವೈರಸ್ಸುಗಳು ಅಣ್ಣತಮ್ಮಂದಿರೇ. ಸೊಪ್ಪು ಮುರಿದ ಮೇಲೆ ಕಡ್ಡಿ ಕೀಳದೆ ಬಿಟ್ಟರೆ ಬುಡದಿಂದ ಚಿಗುರುತ್ತದೆ, ಆ ಚಿಗುರು ರೋಗದ ಗೂಡು. ಆದ್ದರಿಂದ ನಿಮ್ಮ ಪಕ್ಕದವರ ಮಾತಿನಲ್ಲಿ ಏನೂ ಹುರುಳಿಲ್ಲ ಎನ್ನಲಾರೆ. ಗಡಿಯಾಚೆ ಹೊಲಕ್ಕೆ ಹೊಂದಿಕೊಂಡೇ ನಿಮ್ಮ ಗದ್ದೆ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ಆದರೆ ನಿಮ್ಮ ರೋಗ ಅಂಚಿನಿಂದ ಬಂದಿಲ್ಲ. ಪಕ್ಕದ ತಾಲೂಕಿನ ಹೊಗೆಸೊಪ್ಪನ್ನು ದೂರುವ ಮುಂಚೆ ಬಾವಿಯ ಬಳಿಯ ಸೂಜಿಮೆಣಸು ನೋಡಿ ಬನ್ನಿ.

ಬೀಡಿಯ ವಿಷಯ. ನಿಮ್ಮ ಮನೆಯವರು ಹೇಳಿದ್ದು ಗಾಳಿಮಾತಲ್ಲ. ಪ್ರಪಂಚದಲ್ಲಿ ಮೊದಲು ಗುರುತಾದ ವೈರಸ್ಸೇ ಹೊಗೆಸೊಪ್ಪಿನ ಮೊಸಾಯಿಕ್. ಬೂಷ್ಟು, ಬ್ಯಾಕ್ಟೀರಿಯಾ ಯಾವುದೂ ದಾಟದ ಜರಡಿಯಲ್ಲಿ ಸೋಸಿದ ರಸವೂ ರೋಗ ತರುತ್ತದೆ ಎಂದು ರಷ್ಯಾದ ಇವಾನೋವ್‌ಸ್ಕಿ 1892ರಲ್ಲಿ ತೋರಿಸಿದರು. 1898ರಲ್ಲಿ ಹಾಲೆಂಡಿನ ಬೈಯೆರಿಂಕ್ ಇದು ಬೇರೆಯೇ ಬಗೆಯ ರೋಗಕಾರಕ ಎಂದು ವಾದಿಸಿದರು. ಅದಕ್ಕೂ ಅದರ ತಮ್ಮನಂಥ ಟೊಮೆಟೊ ಮೊಸಾಯಿಕ್‌ಗೂ ಹುಳವೇ ಬೇಡ. ಕೈ, ಕುಡುಗೋಲು, ಟೊಮೆಟೊ ಕಟ್ಟುವ ದಾರ, ಬಟ್ಟೆ, ಏನಾದರೂ ಸಾಕು. ಹದ ಮಾಡಿದ ಹೊಗೆಸೊಪ್ಪಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೀಡಿ ಹಿಡಿದ ಬೆರಳಿನಿಂದ ಸಸಿಗೆ ದಾಟಬಲ್ಲದು. ಆದರೆ ಅದು ಬಂದಿದ್ದರೆ ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ತೇಪೆ ತೇಪೆಯಾಗಿ ಕಾಣಬೇಕು. ನಿಮ್ಮ ಫೋಟೊದ ಮೆಣಸು, ಟೊಮೆಟೊ ಗಿಡಗಳಲ್ಲಿ ಅಂಥದ್ದೊಂದೂ ಇಲ್ಲ. ಈ ಸಲದ ಮಟ್ಟಿಗೆ ಆ ಆಳು ನಿರಪರಾಧಿ, ಅವರಿಗೆ ಹೇಳಿಬಿಡಿ. ಆದರೂ ಸಸಿ ಕೀಳುವಾಗ, ಟೊಮೆಟೊ ಕಟ್ಟುವಾಗ ಬೀಡಿ, ಹೊಗೆಸೊಪ್ಪು ಬೇಡ. ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ. ಮಜ್ಜಿಗೆ ಕಡೆಯುವ ಮನೆಯಾದರೆ ಇನ್ನೊಂದು ಉಪಾಯ: ಕೆನೆ ತೆಗೆದ ಹಾಲಿನಲ್ಲಿ ಆಗಾಗ ಬೆರಳು ಅದ್ದಿಕೊಂಡರೆ ಈ ಜಾತಿಯ ವೈರಸ್ ಹರಡುವುದು ಕಡಿಮೆಯಾಗುತ್ತದೆ. ಅಜ್ಜಿ ಮದ್ದಿನ ಹಾಗೆ ಕೇಳಿಸುತ್ತದೆ, ಆದರೆ ಹಾಲಿನ ಪ್ರೋಟೀನ್ ನಿಜವಾಗಿಯೂ ಅದನ್ನು ಕಟ್ಟಿಹಾಕುತ್ತದೆ.

ಇದೆಲ್ಲ ಕೊಡಗಿಗೆ ಹೊಸ ಪಾಠವೇನಲ್ಲ. ನಿಮ್ಮ ತಂದೆಯ ಕಾಲದವರನ್ನು ಏಲಕ್ಕಿಯ ಕಟ್ಟೆ ರೋಗದ ಬಗ್ಗೆ ಕೇಳಿ. ಅದೂ ವೈರಸ್, ಹರಡುವುದು ಹೇನು, ಎಲೆಯ ಬುಡದ ಸಂದಿಯಲ್ಲಿ ಅಡಗಿ ಕೂರುತ್ತದೆ. ಎಲೆಯ ಮೇಲೆ ನಡುನರದಿಂದ ಅಂಚಿಗೆ ಹಳದಿ ಗೆರೆ ಕಂಡರೆ ಬುಡಸಮೇತ ಅಗೆದು ತೆಗೆಯಬೇಕು, ಹೊಸ ಸಸಿ ಮಡಿಯನ್ನು ಹಳೇ ತೋಟದಿಂದ ದೂರ ಮಾಡಬೇಕು, ರೋಗದ ತೋಟದ ಗೆಡ್ಡೆ ನೆಡಬಾರದು. ಔಷಧಿ ಹೊಡೆದು ಕಟ್ಟೆ ಗೆದ್ದವರು ಯಾರೂ ಇಲ್ಲ. ಅಪ್ಪಂಗಳದ ಸಂಶೋಧನಾ ಕೇಂದ್ರದಿಂದ ಬಂದ ವಿಜೇತ ಎಂಬ ತಳಿ ಕಟ್ಟೆ ರೋಗವನ್ನು ತಡೆದುಕೊಳ್ಳುತ್ತದೆ, ಅದೂ ರೋಗ ಬಾರದೆ ಉಳಿದ ಗಿಡಗಳನ್ನು ಆರಿಸಿ ಮಾಡಿದ್ದೇ. ಏಲಕ್ಕಿಯಲ್ಲಿ ಗೊತ್ತಿರುವುದನ್ನು ತರಕಾರಿಗೆ ಬಂದಾಗ ನಾವು ಮರೆಯುತ್ತೇವೆ. ನಾಲ್ಕು ತಿಂಗಳ ಬೆಳೆ, ಇವತ್ತು ಹೊಡೆದರೆ ನಾಳೆ ಸರಿಹೋದೀತು ಎಂಬ ಅವಸರ.

ಬರುವ ಸಲಕ್ಕೆ ಏನು ಮಾಡುವುದು ಎಂದರೆ, ಕೆಲಸವೆಲ್ಲ ನಾಟಿಗೆ ಮುಂಚೆಯೇ. ಅಕ್ಟೋಬರ್‌ನಲ್ಲಿ ಮಳೆ ಕಡಿಮೆಯಾದ ಕೂಡಲೇ ಮನೆ ಸುತ್ತ ಮುದುಡಿದ ಸೂಜಿಮೆಣಸು, ತಾನಾಗಿ ಹುಟ್ಟಿದ ಟೊಮೆಟೊ ಕಿತ್ತುಹಾಕಿ. ಚೆನ್ನಾಗಿರುವ ಸೂಜಿಮೆಣಸು ಇರಲಿ, ಅದನ್ನೂ ಕೀಳಿ ಎಂದರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಮಡಿಯನ್ನು ಬಾವಿ ಪಕ್ಕದಿಂದ ಎಬ್ಬಿಸಿ. ಭತ್ತ ಇನ್ನೂ ನಿಂತಿರುವ ಗದ್ದೆಯ ಪಕ್ಕದ ಎತ್ತರದ ಜಾಗ ಒಳ್ಳೆಯದು, ಸುತ್ತ ಭತ್ತವಿದ್ದಷ್ಟೂ ಬಿಳಿ ನೊಣಕ್ಕೆ ಅಲ್ಲಿ ಊಟವಿಲ್ಲ. ನೀರು ಹೊರುವುದು ಕಷ್ಟ, ಒಪ್ಪುತ್ತೇನೆ. ಮುಕ್ಕಾಲು ಎಕರೆಯ ಸಸಿಗೆ ಬೇಕಾಗುವುದು ಎರಡು ಮೂರು ಮಡಿ. ಅದಕ್ಕೆ ಬಿದಿರಿನ ಬರಲು ಬಗ್ಗಿಸಿ ಕಮಾನು ಮಾಡಿ 40ರಿಂದ 50 ಮೆಶ್‌ನ, ಅಂದರೆ ಅಂಗುಲಕ್ಕೆ ಅಷ್ಟು ಕಣ್ಣಿರುವ ನೈಲಾನ್ ಬಲೆ ಹೊದಿಸಿ. ಸೊಳ್ಳೆ ಪರದೆ ಸಾಲದು, ಅದರ ಕಣ್ಣು ದೊಡ್ಡದು, ಬಿಳಿ ನೊಣ ಆರಾಮಾಗಿ ನುಗ್ಗುತ್ತದೆ. ಅಂಚನ್ನು ಮಣ್ಣಿನಲ್ಲಿ ಹೂತುಬಿಡಿ, ಬೀಜ ಹಾಕಿದ ದಿನದಿಂದಲೇ ಹೊದಿಸಿ. ಮೊಳಕೆ ಬಂದು ಹತ್ತು ದಿನವಾದ ಮೇಲೆ ಹೊದಿಸುವವರಿದ್ದಾರೆ. ಅವರು ನೊಣವನ್ನು ಒಳಗೆ ಕೂಡಿಹಾಕಿ ಸಾಕುತ್ತಾರೆ ಅಷ್ಟೆ. ನಾಟಿಗೆ ಒಂದು ವಾರ ಮುಂಚೆ ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ತೆರೆದು ಬಿಸಿಲಿಗೆ ಒಗ್ಗಿಸಿ.

ನಾನು ಹೇಳುವುದರಲ್ಲಿ ಒಂದೇ ಒಂದನ್ನು ಮಾಡಲು ನಿಮಗೆ ಪುರುಸೊತ್ತು ಇರುವುದಾದರೆ ಈ ಬಲೆಯೊಂದನ್ನು ಮಾಡಿ. ಏಳು ಸಲ ಹೊಡೆದ ಔಷಧಿಯ ದುಡ್ಡು ಇಟ್ಟುಕೊಂಡು ಬಲೆಯ ಬೆಲೆ ವಿಚಾರಿಸಿ ನೋಡಿ. ಜೋಪಾನ ಮಾಡಿದರೆ ಮೂರು ನಾಲ್ಕು ವರ್ಷ ಬರುತ್ತದೆ.

ನಾಟಿಗೆ ಎರಡು ಮೂರು ವಾರ ಮುಂಚೆ ಗದ್ದೆಯ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಒತ್ತಾಗಿ ಬಿತ್ತಿ. ಗಾಳಿಯಲ್ಲಿ ತಗ್ಗಾಗಿ ಹಾರಿಬರುವ ಹುಳಕ್ಕೆ ಅದು ಗೋಡೆ. ಹೇನಿನ ಮಟ್ಟಿಗೆ ಇನ್ನೂ ಒಳ್ಳೆಯದು: ಮೊದಲು ಜೋಳಕ್ಕೆ ಚುಚ್ಚಿ ರುಚಿ ನೋಡುತ್ತದೆ, ಬಾಯಿಗೆ ಮೆತ್ತಿದ್ದ ವೈರಸ್ ಅಲ್ಲೇ ಒರೆಸಿಹೋಗುತ್ತದೆ. ತಳಿಯ ವಿಷಯದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿಯಂಥ ಹೈಬ್ರಿಡ್‌ಗಳು ಮೆಣಸಿನಕಾಯಿಯ ಮುದುಡು ವೈರಸ್ ತಡೆದುಕೊಳ್ಳಲೆಂದೇ ಬಂದವು. ಟೊಮೆಟೊಗೆ ಅರ್ಕಾ ರಕ್ಷಕ್ ಇದೆ. ನಿಮ್ಮ ಸಂತೆಯ ವ್ಯಾಪಾರಿಗೆ ಬೇಕಾದ ಕಾಯಿ ಯಾವುದು ಎಂಬುದು ಬೇರೆ ಪ್ರಶ್ನೆ, ಹಾಗಾಗಿ ಮೊದಲ ವರ್ಷ ನಾಲ್ಕು ಸಾಲು ಹಾಕಿ ನೋಡಿ. ಹತ್ತಿರದಲ್ಲೇ ಚೆಟ್ಟಳ್ಳಿಯಲ್ಲಿ ಅದೇ ಸಂಸ್ಥೆಯ ಕೇಂದ್ರವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಬೀಜಕ್ಕೆ ಅಲ್ಲಿ ವಿಚಾರಿಸಬಹುದು. ತಡೆದುಕೊಳ್ಳುವ ತಳಿ ಎಂದರೆ ಶಾಶ್ವತ ಎಂದಲ್ಲ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಬಂದಾಗ ಹಳದಿ ನರದ ರೋಗ ಮುಗಿಯಿತು ಎಂದುಕೊಂಡೆವು, ವರ್ಷಗಳು ಕಳೆದಂತೆ ಅದಕ್ಕೂ ರೋಗ ಬಂತು. ವೈರಸ್ಸೂ ಸುಮ್ಮನೆ ಕೂತಿರುವುದಿಲ್ಲ.

ನಾಟಿಯಾದ ಮೇಲೆ ಮೊದಲ ನಲವತ್ತು ದಿನ ವಾರಕ್ಕೆರಡು ಸಲ ಸಾಲಿನಲ್ಲಿ ನಡೆಯಿರಿ, ಬೆಳಗ್ಗೆ ಏಳರ ಒಳಗೆ. ಚಳಿಗೆ ಬಿಳಿ ನೊಣ ಜಡವಾಗಿರುತ್ತದೆ. ಮುದುಡಿದ ಗಿಡ ಕಂಡರೆ ಹಾಗೇ ಎಳೆದು ಹೆಗಲ ಮೇಲೆ ಹಾಕಿಕೊಂಡು ಬರಬೇಡಿ, ಅದರ ಮೇಲಿದ್ದ ನೊಣವೆಲ್ಲ ದಾರಿಯುದ್ದಕ್ಕೂ ಇಳಿಯುತ್ತದೆ. ಗೊಬ್ಬರದ ಖಾಲಿ ಚೀಲ ಗಿಡದ ಮೇಲೆ ಮೆಲ್ಲಗೆ ಕವುಚಿ, ಬುಡ ಹಿಡಿದು ಕಿತ್ತು, ಬಾಯಿ ಕಟ್ಟಿ ಹೊರಗೆ ತಂದು ಹೂಳಿ. ಗಿಡ ಕಾಯಿ ಹಿಡಿದ ಮೇಲೆ ರೋಗ ಬಂದರೆ ಕೀಳುವುದು ಬೇಡ, ನಷ್ಟ ಅಷ್ಟೇನಿಲ್ಲ, ಸಿಕ್ಕಿದಷ್ಟು ಬಿಡಿಸಿಕೊಳ್ಳಿ.

ಔಷಧಿ ಹೊಡೆಯಲೇಬೇಡಿ ಎನ್ನುತ್ತಿಲ್ಲ. ಹಳದಿ ಅಂಟು ಹಾಳೆ ನಾಲ್ಕು ನೆಟ್ಟು, ಅದಕ್ಕೆ ಅಂಟಿದ ಬಿಳಿ ನೊಣ ಎಣಿಸಿ. ಹೆಚ್ಚಾಗುತ್ತಿದೆ ಎನ್ನಿಸಿದರೆ ಬೇವಿನ ಸೋಪು ಲೀಟರ್‌ಗೆ 7ರಿಂದ 10 ಗ್ರಾಂ, ಎಲೆಯ ಅಡಿಗೆ ಬೀಳುವ ಹಾಗೆ. ಅದಕ್ಕೂ ಬಗ್ಗದಿದ್ದರೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಬಿಳಿ ನೊಣಕ್ಕೆಂದೇ ಇರುವ ಔಷಧಿ, ಅದೂ ಒಂದೇ ಬಗೆಯದನ್ನು ಎರಡು ಸಲ ಮೇಲಿಂದ ಮೇಲೆ ಬೇಡ. ಹೊಡೆದ ಕೂಡಲೇ ಹುಳ ಅಂಗಾತ ಬೀಳುವ, ಹೆಸರಿನ ಕೊನೆಗೆ "ಥ್ರಿನ್" ಬರುವ ಅಗ್ಗದ ಔಷಧಿಗಳನ್ನು ಮಾತ್ರ ದೂರವಿಡಿ. ಅವು ಜೇಡ, ಗುಲಗಂಜಿ ಹುಳ ಎಲ್ಲವನ್ನೂ ಸಾಯಿಸುತ್ತವೆ, ಆಮೇಲೆ ಬಿಳಿ ನೊಣ, ಮೈಟ್ ಎರಡೂ ಎರಡರಷ್ಟಾಗಿ ವಾಪಸ್ ಬರುತ್ತವೆ. ನಿಮ್ಮ ಮೊದಲ ಎರಡು ಫೋಟೊದ ಮೈಟ್ ಹಾಗೆಯೇ ಬಂದಿರಬೇಕು ಎಂದು ನನ್ನ ಗುಮಾನಿ. ಹೂ ಮಳೆ ಬಿದ್ದು ಅಕ್ಕಪಕ್ಕದ ಕಾಫಿ ಹೂ ಬಿಟ್ಟ ದಿನಗಳಲ್ಲಿ ಏನನ್ನೂ ಹೊಡೆಯಬೇಡಿ. ಆ ಜೇನು ನಿಮ್ಮದಲ್ಲದಿರಬಹುದು, ನಿಮ್ಮ ಗದ್ದೆಗೂ ಬರುತ್ತದೆ.

ಮೇ ತಿಂಗಳ ಕೊನೆ ಇನ್ನೊಂದು ಜಾರುವ ಜಾಗ. ಸಂತೆಯಲ್ಲಿ ದರ ಬಿದ್ದ ಕೂಡಲೇ ಗಿಡವನ್ನು ಹಾಗೇ ಬಿಟ್ಟು ಹೋಗುತ್ತೇವೆ, ಭತ್ತದ ಅಗೆ ಹಾಕುವ ಹೊತ್ತಿಗೆ ಉಳುಮೆ ಮಾಡಿದರಾಯಿತು ಎಂದು. ಆ ಮೂರು ನಾಲ್ಕು ವಾರ ರೋಗದ ಗಿಡದಿಂದ ಬಿಳಿ ನೊಣ ಎದ್ದು ಮನೆಗಳ ಹಿತ್ತಿಲು ಸೇರುತ್ತದೆ, ಅಲ್ಲಿಂದ ಮಳೆಗಾಲ ದಾಟುತ್ತದೆ. ಕೊನೆಯ ಕೊಯ್ಲಾದ ವಾರವೇ ಉತ್ತುಬಿಡಿ. ಇದು ನೀವೊಬ್ಬರೇ ಮಾಡಿದರೆ ಅರ್ಧ ಫಲ. ನಿಮ್ಮ ಬಯಲಿನ ನಾಲ್ಕೈದು ಗದ್ದೆಯವರು ಒಟ್ಟಿಗೆ ಉತ್ತು, ಒಟ್ಟಿಗೆ ನಾಟಿ ಮಾಡಿದರೆ ಮಾತ್ರ ಪೂರ್ತಿ ಫಲ. ಭತ್ತಕ್ಕೆ ನೀರು ಬಿಡುವಾಗ ಮಾತಾಡಿಕೊಳ್ಳುತ್ತೀರಲ್ಲ, ಹಾಗೆಯೇ.

ಕಾಯಿ ತಿನ್ನಬಹುದೇ? ಧಾರಾಳವಾಗಿ. ಗಿಡದ ವೈರಸ್ ಮನುಷ್ಯನಿಗಾಗಲಿ ದನಕ್ಕಾಗಲಿ ತಗಲುವುದಿಲ್ಲ. ಮೆಣಸಿನಕಾಯಿಗೆ ಬರುವ ಮೊಸಾಯಿಕ್ ಜಾತಿಯ ಇನ್ನೊಂದು ವೈರಸ್ ನಾವು ತಿಂದ ಖಾರದ ಜೊತೆ ಹೊಟ್ಟೆಗೆ ಹೋಗಿ, ಏನೂ ಮಾಡದೆ, ಹಾಗೇ ಹೊರಗೆ ಬರುತ್ತದೆ. ಎಷ್ಟರಮಟ್ಟಿಗೆ ಎಂದರೆ ನದಿ ನೀರಿಗೆ ಮನುಷ್ಯರ ಮಲ ಸೇರಿದೆಯೇ ಎಂದು ಪತ್ತೆ ಮಾಡಲು ವಿಜ್ಞಾನಿಗಳು ನೀರಿನಲ್ಲಿ ಆ ವೈರಸ್ಸನ್ನೇ ಹುಡುಕುತ್ತಾರೆ. ನಿಮ್ಮ ಕಾಯಿಯಲ್ಲಿ ಹೆದರಬೇಕಾದ್ದು ಏಳು ಸಲ ಹೊಡೆದ ಔಷಧಿಗೆ. ಕೊನೆಯ ಸಲ ಹೊಡೆದದ್ದು ಯಾವತ್ತು ಎಂದು ನೆನಪಿಸಿಕೊಳ್ಳಿ. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಬಿಡಿಸಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಓದಿ.

ಬೀಜ. ಮುದುಡಿದ ಗಿಡದ್ದು ಇಡಬೇಡಿ, ಕಾಯಿಯೂ ಜೊಳ್ಳು, ಬೀಜವೂ ಜೊಳ್ಳು. ಹೈಬ್ರಿಡ್ ಆಗಿದ್ದರೆ ಹೇಗೂ ಇಡುವಂತಿಲ್ಲ. ಮನೆಯ ನಾಟಿ ತಳಿಯಾದರೆ ಗದ್ದೆಯ ನಡುವೆ ಕೊನೆಯ ತನಕ ಚೆನ್ನಾಗಿ ನಿಂತ ಹತ್ತು ಹದಿನೈದು ಗಿಡಕ್ಕೆ ಗುರುತು ಕಟ್ಟಿ ಅವುಗಳದ್ದೇ ಇಡಿ. ಸಿಪ್ಪೆಗೆ ಅಂಟಿಬರುವ ಮೊಸಾಯಿಕ್ ಬಗ್ಗೆ ಅನುಮಾನವಿದ್ದರೆ ಲೀಟರ್ ನೀರಿಗೆ 100 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಕರಗಿಸಿ, ಬೀಜವನ್ನು ಅದರಲ್ಲಿ ಹದಿನೈದು ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸಬಹುದು. ಬೀನ್ಸ್‌ಗೆ ಈ ಉಪಾಯ ನಡೆಯುವುದಿಲ್ಲ. ಬೀನ್ಸ್‌ನ ಮೊಸಾಯಿಕ್ ಸಿಪ್ಪೆಯ ಮೇಲಲ್ಲ, ಬೀಜದ ಒಳಗಿನ ಮೊಳಕೆಯಲ್ಲೇ ಕೂತಿರುತ್ತದೆ. ತೊಳೆದರೂ ನೆನೆಸಿದರೂ ಹೋಗದು. ನಿಮ್ಮ ಮೂರನೆಯ ಫೋಟೊದ ಮೂಲೆಯಲ್ಲಿ ಕಾಣುವ ಬೀನ್ಸ್ ಎಲೆ ಗುಳ್ಳೆ ಗುಳ್ಳೆಯಾಗಿ ಕಡುಹಸಿರು ತಿಳಿಹಸಿರು ಆಗಿದೆ. ಆ ಸಾಲಿನ ಬೀಜವನ್ನು ಡಬ್ಬಕ್ಕೆ ತುಂಬಿಟ್ಟಿದ್ದರೆ ಸಾರಿಗೆ ಹಾಕಿಬಿಡಿ, ಬಿತ್ತನೆಗೆ ಹೊಸದು ತನ್ನಿ.